ಒಎಸ್‌ಪಿಎಫ್‌ನ ಚೊಕ್ಕ ನೆರೆಹೊರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಚೇರಿಗಳನ್ನು, ರೂಟರ್‌ಗಳು ತಾವೇ ದಾರಿ ಹುಡುಕಿಕೊಳ್ಳುವ ಒಎಸ್‌ಪಿಎಫ್ ಪದ್ಧತಿಯಲ್ಲಿ ಜೋಡಿಸಿದ್ದೇವೆ ಎನ್ನಿ. ಬೈಲಹೊಂಗಲದ ರೂಟರ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಕಿತ್ತೂರಿಗೆ ‘ಹಲೋ’ ಕಳಿಸುತ್ತದೆ. ಕಿತ್ತೂರಿನಿಂದ ಬಂದ ಹಲೋದಲ್ಲಿ ತನ್ನ ಗುರುತು ಕಂಡ ಮೇಲಷ್ಟೇ, ಮಾತು ಎರಡೂ ಕಡೆ ಮುಟ್ಟುತ್ತಿದೆ ಎಂದು ನಂಬುತ್ತದೆ. ಏರಿಯಾ (ಜಾಲದ ವಿಭಾಗ) ಸಂಖ್ಯೆ, ಹಲೋ ಅವಧಿ, ಪಾಸ್‌ವರ್ಡ್ ತಾಳೆಯಾಗದಿದ್ದರೆ ನಂಟೇ ಇಲ್ಲ. ತಾಳೆಯಾದರೆ ಎರಡೂ ತಮ್ಮಲ್ಲಿರುವ ಮಾಹಿತಿಯ ಪಟ್ಟಿ ತೋರಿಸಿ, ಇಲ್ಲದ್ದನ್ನಷ್ಟೇ ಕೇಳಿ ಪಡೆಯುತ್ತವೆ. ಹೀಗೆ ಎರಡರ ಬಳಿಯಿರುವ ಜಾಲದ ನಕ್ಷೆಯೂ ಒಂದೇ ಆದಾಗ ಸಂಬಂಧ ‘ಫುಲ್’. ಆಮೇಲೆ ಪ್ರತಿ ರೂಟರ್ ಡೈಕ್‌ಸ್ಟ್ರಾ ಎಂಬ ದಾರಿ ಹುಡುಕುವ ಲೆಕ್ಕ ಹಾಕಿ ಹತ್ತಿರದ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಸಾಮಾನ್ಯವಾಗಿ 40 ಸೆಕೆಂಡು ಹಲೋ ಬಾರದಿದ್ದರೆ ನಂಟು ಕಡಿದ ಸುದ್ದಿ ಇಡೀ ಏರಿಯಾಕ್ಕೆ ಹಬ್ಬುತ್ತದೆ. ಬೇರೆ ದಾರಿಯಿದ್ದರೆ ಸಂಚಾರ ಅತ್ತ ಹೊರಳುತ್ತದೆ. ಜಾನ್ ಮಾಯ್ 1998ರ ಆರ್‌ಎಫ್‌ಸಿ 2328 ಎಂಬ ದಾಖಲೆಯಲ್ಲಿ ಬರೆದಿಟ್ಟ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಯಜಮಾನನಿಲ್ಲದೆ ಎಲ್ಲರೂ ಒಂದೇ ನಕ್ಷೆಗೆ ಒಪ್ಪುವ ಇಂಥ ಏರ್ಪಾಡು ನಿಜಕ್ಕೂ ಉತ್ತಮ ಕಸುಬುಗಾರಿಕೆ.