ಕ್ಯಾಥೋಡಿನ ಪುಟ್ಟ ಕಾವಲುಗಾರ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಕಾಶಿ. ಹಳೆಯ ವಾಲ್ವ್ ರೇಡಿಯೊ ಬೇಕಾದವರು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಹಿಡಿಯುತ್ತಾರೆ. ಅಂಥ ಸೆಟ್ಟಿನೊಳಗೆ, 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆಗಿಳಿದ ಬೆಂಗಳೂರಿನ ಬಿಇಎಲ್‌ನ ಮುದ್ರೆ ಕಂಡರೆ ಕನ್ನಡಿಗನ ಮನಸ್ಸು ಅರಳುವುದು ಸಹಜ.

ಇಎಲ್84 ವಾಲ್ವನ್ನೇ ನೋಡಿ. ಹೀಟರಿಗೆ 6.3 ವೋಲ್ಟ್ ಸಾಕು. ಆನೋಡಿಗೆ 250 ಬೇಕು. ಕ್ಯಾಥೋಡಿಗೂ ಚಾಸಿಗೂ ನಡುವೆ 135 ಓಮಿನ ಒಂದು ರೆಸಿಸ್ಟರ್. ಅದರಲ್ಲಿ ಹುಟ್ಟುವ ಸುಮಾರು 7.3 ವೋಲ್ಟಿನಿಂದಾಗಿ ಕ್ಯಾಥೋಡಿಗಿಂತ ಗ್ರಿಡ್ ತಾನಾಗಿ ಋಣವಾಗುತ್ತದೆ. ಕರೆಂಟ್ ಏರಿದರೆ ಈ ವೋಲ್ಟೇಜೂ ಏರಿ ಅದನ್ನು ತಗ್ಗಿಸುತ್ತದೆ. ಎಷ್ಟು ಸೊಗಸಾದ ಏರ್ಪಾಡು!

ಗ್ರಿಡ್ಡಿಗೆ ಸಿಗ್ನಲ್ ತರುವ ಹಳೆಯ ಪೇಪರ್ ಕಂಡೆನ್ಸರ್ ಮುಂಬಯಿಯ ಮಳೆಗಾಲದ ತೇವ ಹೀರಿ ಸೋರತೊಡಗಿದರೆ ಮಾತ್ರ ಈ ಕಾವಲೂ ಸೋಲುತ್ತದೆ. ಗ್ರಿಡ್ಡಿನ ಬಯಾಸ್ ಕೆಟ್ಟು ಆನೋಡ್ ಕೆಂಪಗೆ ಕಾಯುತ್ತದೆ. ಮೊದಲು ಬದಲಿಸಬೇಕಾದದ್ದು ಆ ಕಂಡೆನ್ಸರನ್ನೇ.

250 ವೋಲ್ಟ್ ಪ್ರಾಣ ತೆಗೆಯಬಲ್ಲದು. ವರ್ಷಗಟ್ಟಲೆ ಮೂಲೆ ಸೇರಿದ್ದ ಸೆಟ್ಟನ್ನು ಬಲ್ಲವರು ನೇರ ಪ್ಲಗ್ಗಿಗೆ ಹಾಕುವುದಿಲ್ಲ, ಸೀರೀಸ್ ಬಲ್ಬ್ ಮೂಲಕ ಎಚ್ಚರಿಸುತ್ತಾರೆ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಅಳೆದೇ ಕೈಹಾಕಬೇಕು. ಎಸಿ-ಡಿಸಿ ಸೆಟ್ಟುಗಳಲ್ಲಂತೂ ಚಾಸಿಯೇ ಮೇನ್ಸಿಗೆ ಸೇರಿರುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅವನ್ನು ಬಿಚ್ಚಿಟ್ಟು ಚಾಲೂ ಮಾಡಲೇಬಾರದು.