ಮುದ್ದೆ ಅದೇ, ಲೆಕ್ಕ ಬೇರೆ: ಪೋಷಕಾಂಶ ತಂತ್ರಾಂಶಗಳ ಪರಿಷ್ಕರಣೆ ಕುರಿತು

ಉಂಡ ಊಟದಲ್ಲಿ ಎಷ್ಟು ಪ್ರೋಟೀನು, ಎಷ್ಟು ಕ್ಯಾಲ್ಸಿಯಂ ಎಂದು ಲೆಕ್ಕ ಹಾಕಿ ಹೇಳುವ ತಂತ್ರಾಂಶಗಳು ಈಗ ಗೃಹವಿಜ್ಞಾನ ವಿಭಾಗಗಳಲ್ಲಿವೆ, ಆಹಾರ ಸಮೀಕ್ಷೆಗಳಲ್ಲಿವೆ, ನಿಮ್ಮ ಜೇಬಿನ ಮೊಬೈಲಿನಲ್ಲೂ ಇರಬಹುದು. ಹೊಸ ಆವೃತ್ತಿ ಬಂದಾಗ ಪರದೆ ಹೇಗಿದೆ, ಬೇಗ ಓಡುತ್ತದೆಯೇ ಎಂದು ನೋಡುತ್ತೇವೆ. ಒಳಗಿರುವ ಕೋಷ್ಟಕ ಯಾವುದು, ಅದು ಬದಲಾಯಿತೆ ಎಂದು ಕೇಳುವವರು ಕಡಿಮೆ. ಕೇಳದೆ ಹೋದರೆ ಏನಾಗುತ್ತದೆಂಬುದನ್ನು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಊಟವನ್ನಿಟ್ಟುಕೊಂಡು ನೋಡೋಣ.

ಮೊದಲು ಕೋಷ್ಟಕಗಳ ವಿಚಾರ. ಭಾರತದ ಆಹಾರಗಳ ಮೊದಲ ವ್ಯವಸ್ಥಿತ ಪಟ್ಟಿಯನ್ನು ಕೂನೂರಿನ ಪ್ರಯೋಗಾಲಯದಲ್ಲಿದ್ದ ಆಯ್ಕ್ರಾಯ್ಡ್ 1937ರಲ್ಲಿ ಪ್ರಕಟಿಸಿದರು. ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಯಿತು. ಗೋಪಾಲನ್ ಮತ್ತು ಸಂಗಡಿಗರ 1971ರ ಪುಸ್ತಕ, 1989ರಲ್ಲಿ ಪರಿಷ್ಕೃತವಾಗಿ, ಸುಮಾರು ಮೂರು ದಶಕ ಎಲ್ಲ ಲೆಕ್ಕಗಳಿಗೂ ಆಧಾರವಾಗಿತ್ತು. 2017ರಲ್ಲಿ ಅದೇ ಸಂಸ್ಥೆ 528 ಆಹಾರಗಳನ್ನು ದೇಶದ ಆರು ವಲಯಗಳಿಂದ ಸಂಗ್ರಹಿಸಿ, ಹೊಸದಾಗಿ ವಿಶ್ಲೇಷಿಸಿ, ಹೊಸ ಕೋಷ್ಟಕಗಳನ್ನು ಹೊರತಂದಿತು. ಕೆಲಸ ದೊಡ್ಡದು, ಅಳತೆಯ ವಿಧಾನಗಳೂ ಉತ್ತಮ. ನನ್ನ ತಕರಾರು ಕೋಷ್ಟಕದ ಮೇಲಲ್ಲ. ಅದನ್ನು ತಂತ್ರಾಂಶಗಳು ಒಳಗೆ ತುಂಬಿಕೊಂಡ ರೀತಿಯ ಮೇಲೆ.

ಶ್ರೀರಂಗಪಟ್ಟಣ, ಪಾಂಡವಪುರಗಳು ಕನ್ನಂಬಾಡಿಯ ನೀರುಂಡ ತಾಲ್ಲೂಕುಗಳು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು. ಕೃಷ್ಣರಾಜಪೇಟೆಯ ಒಂದು ಭಾಗಕ್ಕೆ ಹೇಮಾವತಿ ನೀರುಂಟು, ಉಳಿದದ್ದು ಮಳೆಯಾಸರೆ. ನಾಗಮಂಗಲ ಹೆಚ್ಚಾಗಿ ಬೆದ್ದಲು: ರಾಗಿ, ಹುರುಳಿ, ಅವರೆ, ತೆಂಗು. ಮುದ್ದೆ ನಾಲ್ಕೂ ಕಡೆ ಉಂಟು. ಆದರೆ ಅನ್ನ ಎಷ್ಟು, ಮುದ್ದೆ ಎಷ್ಟು ಎಂಬ ಪಾಲು ಒಂದೇ ಅಲ್ಲ. ಹಾಗಾಗಿ ಇಲ್ಲಿನ ಯಾವುದೇ ಆಹಾರ ಸಮೀಕ್ಷೆ ಕೊನೆಗೆ ಅಕ್ಕಿ ಮತ್ತು ರಾಗಿಯ ಹೋಲಿಕೆಯೇ ಆಗುತ್ತದೆ.

ಹಳೆಯ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ನಾರು 3.6 ಗ್ರಾಂ, ಶರ್ಕರಪಿಷ್ಟ 72 ಗ್ರಾಂ. ಹೊಸದರಲ್ಲಿ ನಾರು 11.18, ಶರ್ಕರಪಿಷ್ಟ 66.82. ರಾಗಿ ಬದಲಾಯಿತೆ? ಇಲ್ಲ, ‘ನಾರು’ ಎಂಬ ಪದದ ಅರ್ಥ ಬದಲಾಯಿತು. ಹಿಂದೆ ಅಳೆಯುತ್ತಿದ್ದುದು ಕಚ್ಚಾ ನಾರು, ಅಂದರೆ ಆಮ್ಲ ಮತ್ತು ಕ್ಷಾರದಲ್ಲಿ ಕುದಿಸಿದ ಮೇಲೂ ಉಳಿಯುವ ಅಂಶ. ಈಗ ಅಳೆಯುವುದು ನಮ್ಮ ಕಿಣ್ವಗಳು ಜೀರ್ಣಿಸಲಾರದ ಎಲ್ಲವನ್ನೂ. ಶರ್ಕರಪಿಷ್ಟವನ್ನು ಎರಡೂ ಕಡೆ ನೇರವಾಗಿ ಅಳೆದಿಲ್ಲ. ನೀರು, ಪ್ರೋಟೀನು, ಕೊಬ್ಬು, ಬೂದಿ, ನಾರು ಇವನ್ನು ನೂರರಿಂದ ಕಳೆದು ಉಳಿದದ್ದಕ್ಕೆ ಆ ಹೆಸರಿಟ್ಟಿದ್ದಾರೆ. ನಾರು ಏರಿದರೆ ಶರ್ಕರಪಿಷ್ಟ ಇಳಿಯಲೇಬೇಕು. ಅಕ್ಕಿಯ ನಾರು ಇದೇ ಕಾರಣಕ್ಕೆ 0.2 ಇದ್ದದ್ದು 2.81 ಆಗಿದೆ.

2015ರಲ್ಲಿ ಒಂದು ಸಮೀಕ್ಷೆ, 2022ರಲ್ಲಿ ಅದೇ ಮನೆಗಳಲ್ಲಿ ಇನ್ನೊಂದು ನಡೆದಿದೆ ಎಂದಿಟ್ಟುಕೊಳ್ಳಿ. ನಡುವೆ ತಂತ್ರಾಂಶ ಪರಿಷ್ಕರಣೆಯಾಗಿದೆ. ಊಟ ಚೂರೂ ಬದಲಾಗದಿದ್ದರೂ ನಾಗಮಂಗಲದ ರಾಗಿಯಿಂದ ಬರುವ ನಾರು ಮೂರು ಪಟ್ಟಾಗಿರುತ್ತದೆ. ಶ್ರೀರಂಗಪಟ್ಟಣದ ಅಕ್ಕಿಯಿಂದ ಬರುವುದು ಹದಿನಾಲ್ಕು ಪಟ್ಟು. ರಾಗಿಗೆ ಅಕ್ಕಿಗಿಂತ ಹದಿನೆಂಟು ಪಟ್ಟು ನಾರು ಎಂದಿದ್ದದ್ದು ಈಗ ನಾಲ್ಕು ಪಟ್ಟು. ಪ್ರಬಂಧ ಬರೆಯುವ ವಿದ್ಯಾರ್ಥಿ ಇದರಿಂದ ಎಂತೆಂಥ ತೀರ್ಮಾನ ತೆಗೆಯಬಹುದೋ ನೀವೇ ಊಹಿಸಿ.

ಇದಕ್ಕಿಂತ ಗಂಭೀರವಾದದ್ದು ಅಗತ್ಯದ ಮಾನದಂಡ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 2010ರ ಶಿಫಾರಸಿನಲ್ಲಿ 600 ಮಿಲಿಗ್ರಾಂ, 2020ರದರಲ್ಲಿ 1000. ನಾಗಮಂಗಲದ ಹಳ್ಳಿಯ ಒಬ್ಬ ಹೆಂಗಸು ದಿನಕ್ಕೆ 200 ಗ್ರಾಂ ರಾಗಿಹಿಟ್ಟಿನ ಮುದ್ದೆ ಉಣ್ಣುತ್ತಾರೆ ಎನ್ನೋಣ. ಹಳೆಯ ಕೋಷ್ಟಕದಂತೆ ರಾಗಿಯಿಂದಲೇ 688 ಮಿಲಿಗ್ರಾಂ, ಅಗತ್ಯದ ಶೇ. 115. ಹೊಸ ಕೋಷ್ಟಕದಂತೆ 728 ಮಿಲಿಗ್ರಾಂ, ಆದರೆ ಅಗತ್ಯದ ಶೇ. 73 ಮಾತ್ರ. ಕ್ಯಾಲ್ಸಿಯಂ ಹೆಚ್ಚಿತು, ಕೊರತೆಯೂ ಹುಟ್ಟಿತು! ತಂತ್ರಾಂಶದ ಪರದೆಯಲ್ಲಿ ಹಸಿರಿದ್ದ ಪಟ್ಟಿ ಕೆಂಪಾಗುತ್ತದೆ, ಯಾಕೆಂದು ಎಲ್ಲೂ ಬರೆದಿರುವುದಿಲ್ಲ.

2020ರ ವರದಿ ಇನ್ನೊಂದು ಸಂಖ್ಯೆಯನ್ನೂ ಕೊಟ್ಟಿದೆ, ಅಂದಾಜು ಸರಾಸರಿ ಅಗತ್ಯ. ಅರ್ಧದಷ್ಟು ಜನರಿಗೆ ಸಾಕಾಗುವ ಪ್ರಮಾಣ ಅದು. ಕ್ಯಾಲ್ಸಿಯಂಗೆ 800 ಮಿಲಿಗ್ರಾಂ. ಶಿಫಾರಸು ಪ್ರಮಾಣವಾದರೋ ಹೆಚ್ಚುಕಡಿಮೆ ಎಲ್ಲರಿಗೂ ಸಾಲುವಂತೆ ಮೇಲಕ್ಕೇರಿಸಿದ ಸಂಖ್ಯೆ. ಒಂದು ಊರಿನಲ್ಲಿ ಎಷ್ಟು ಜನರಿಗೆ ಕೊರತೆಯಿದೆ ಎಂದು ಅಂದಾಜು ಮಾಡಲು ಬಳಸಬೇಕಾದದ್ದು ಸರಾಸರಿ ಅಗತ್ಯವನ್ನು. ಹೆಂಗಸರ ಕಬ್ಬಿಣಾಂಶದಲ್ಲಿ ಈ ಅಂತರ ಎದ್ದು ಕಾಣುತ್ತದೆ: ಸರಾಸರಿ ಅಗತ್ಯ 15 ಮಿಲಿಗ್ರಾಂ, ಶಿಫಾರಸು 29. ಊರಿನವರ ಸೇವನೆಯನ್ನೆಲ್ಲ 29ಕ್ಕೆ ಹೋಲಿಸಿದರೆ ಊರಿಗೆ ಊರೇ ಕೊರತೆಯಲ್ಲಿ ಬಿದ್ದಂತೆ ಕಾಣುತ್ತದೆ. ಎರಡು ಮಾನದಂಡಗಳಲ್ಲಿ ಯಾವುದು ಬೇಕೆಂದು ಬಳಕೆದಾರನನ್ನು ಕೇಳದ ತಂತ್ರಾಂಶವನ್ನು ಸಮೀಕ್ಷೆಗೆ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಭೌತವಿಜ್ಞಾನದವನಾಗಿ ನನಗೆ ಎಲ್ಲಕ್ಕಿಂತ ಕಸಿವಿಸಿಯಾಗುವ ಸಂಗತಿ. 2017ರ ಕೋಷ್ಟಕ ರಾಗಿಯ ಕ್ಯಾಲ್ಸಿಯಂ 364 ಎಂದಷ್ಟೇ ಹೇಳುವುದಿಲ್ಲ. 364 ± 58 ಎನ್ನುತ್ತದೆ. ಆ 58 ಮಾನಕ ವಿಚಲನೆ, ವಲಯದಿಂದ ವಲಯಕ್ಕೆ ಕಂಡ ಹರಹು. ತಳಿಗಳನ್ನು ಬಿಡಿಬಿಡಿಯಾಗಿ ವಿಶ್ಲೇಷಿಸಿದರೆ ಎರಡು ಪಟ್ಟಿಗೂ ಮಿಕ್ಕ ವ್ಯತ್ಯಾಸ ಸಿಗುತ್ತದೆ. ಇದು ನಮ್ಮ ಜಿಲ್ಲೆಗೆ ಹೊಸ ವಿಷಯವಾಗಬಾರದು. ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ಮಂಡ್ಯದ ವಿ.ಸಿ. ಫಾರಂನಲ್ಲೇ. ತಂತ್ರಾಂಶ ಮಾತ್ರ ± ಚಿಹ್ನೆಯನ್ನೂ ಅದರ ಮುಂದಿನ ಸಂಖ್ಯೆಯನ್ನೂ ಉದುರಿಸಿ 728.00 ಎಂದು ಮುದ್ರಿಸುತ್ತದೆ. 344 ಹೋಗಿ 364 ಬಂದದ್ದನ್ನು ‘ಪರಿಷ್ಕರಣೆ’ ಎಂದು ಸಾರುವವರು ಆ 20ರ ವ್ಯತ್ಯಾಸ 58ರೊಳಗೇ ಮುಳುಗಿಹೋಗುವುದನ್ನು ಹೇಳುವುದಿಲ್ಲ.

ಅಳತೆಯ ದೋಷ ಅದಕ್ಕಿಂತ ದೊಡ್ಡದು. ‘ಮುದ್ದೆ, ಒಂದು’ ಎಂದು ನಮೂದಿಸುತ್ತೀರಿ. 8 ಸೆಂ.ಮೀ. ವ್ಯಾಸದ ಮುದ್ದೆಯ ಗಾತ್ರ ಸುಮಾರು 268 ಘನ ಸೆಂ.ಮೀ.; 9 ಸೆಂ.ಮೀ. ವ್ಯಾಸದ್ದು 382. ಕಣ್ಣಿಗೆ ಒಂದೇ ತರಹ ಕಾಣುವ ಎರಡು ಮುದ್ದೆಗಳ ನಡುವೆ ಶೇ. 42ರ ಅಂತರ. ಕೋಷ್ಟಕ ಬದಲಾದದ್ದರಿಂದ ಆದ ವ್ಯತ್ಯಾಸ ಶೇ. 6 ಕೂಡ ಇಲ್ಲ. ಹಿಟ್ಟು ಗಟ್ಟಿಯೋ ಮೆದುವೋ ಎಂಬುದು ಬೇರೆ. ಒಂದು ತಕ್ಕಡಿ ಕೊಂಡು ಹಿಟ್ಟನ್ನು ತೂಗಿ ಬರೆದುಕೊಂಡರೆ ಹೊಸ ಆವೃತ್ತಿಯಿಂದ ಆಗುವುದಕ್ಕಿಂತ ಹೆಚ್ಚು ಸುಧಾರಣೆ ಅಗ್ಗದಲ್ಲಿ ಆಗುತ್ತದೆ.

ಅಡಿಗೆಮನೆಯ ಪರಿಚಯವಿಲ್ಲದೆ ಮಾಡಿದ ತಂತ್ರಾಂಶಕ್ಕೆ ಬಸ್ಸಾರು ಒಂದು ಒಗಟು. ಅಮೆರಿಕದ ಕೋಷ್ಟಕವನ್ನು ಎರವಲು ತಂದ ತಂತ್ರಾಂಶಗಳಲ್ಲಿ ಸೊಪ್ಪಿಗೆ ‘ಬೇಯಿಸಿ, ನೀರು ಬಸಿದದ್ದು’ ಎಂಬ ನಮೂದಿದೆ. ನೀರಿಗಿಳಿದ ಪೊಟ್ಯಾಸಿಯಂ, ಫೋಲೇಟ್‌ಗಳನ್ನು ಅದು ಕಳೆದುಬಿಟ್ಟಿರುತ್ತದೆ. ಅಲ್ಲಿ ಬಸಿದ ನೀರು ಮೋರಿಗೆ ಹೋಗುತ್ತದೇನೋ. ನಮ್ಮಲ್ಲಿ ಸೊಪ್ಪು, ಕಾಳು ಪಲ್ಯವಾಗಿ ಬಸಿದ ನೀರು ಸಾರಾಗಿ ಎರಡೂ ತಟ್ಟೆಗೇ ಬರುತ್ತವೆ. 2017ರ ಕೋಷ್ಟಕದಲ್ಲಿರುವುದು ಹೆಚ್ಚಾಗಿ ಹಸಿ ಪದಾರ್ಥಗಳ ಲೆಕ್ಕ. ಅದನ್ನು ಪಾತ್ರೆಯ ಒಳಗಿನವರೆಗೆ ಕೊಂಡೊಯ್ಯುವ ಕೆಲಸ ತಂತ್ರಾಂಶದವರದು. ಹೊಲದ ಬದುವಿನಲ್ಲಿ ಕೊಯ್ದ ಬೆರಕೆ ಸೊಪ್ಪಿಗಂತೂ ಒಂದೇ ಹೆಸರಿನ ನಮೂದು ಸಾಧ್ಯವೇ ಇಲ್ಲ.

ಕುಡಿಯುವ ನೀರನ್ನೂ ಮರೆಯಬೇಡಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಸ್ವೀಕಾರಾರ್ಹ ಮಿತಿ. ಕೊಳವೆಬಾವಿಯ ನೀರಿನಲ್ಲಿ ಅಷ್ಟೇ ಇದ್ದರೂ ದಿನಕ್ಕೆ ಮೂರು ಲೀಟರಿನಿಂದ 225 ಮಿಲಿಗ್ರಾಂ, ಅಂದರೆ 60 ಗ್ರಾಂ ರಾಗಿಗೆ ಸಮ. ಊರಿನಲ್ಲಿ ಆರ್‌.ಓ. ಶುದ್ಧ ನೀರಿನ ಘಟಕ ಬಂದ ಮೇಲೆ ಅದರ ಬಹುಪಾಲು ಇಲ್ಲವಾಗುತ್ತದೆ. ಊಟದಲ್ಲಿ ನಿಜಕ್ಕೂ ಆದ ಈ ಬದಲಾವಣೆಯನ್ನು, ನೀರಿನ ನಮೂದೇ ಇಲ್ಲದ ತಂತ್ರಾಂಶ ಕಾಣುವುದಿಲ್ಲ. ಆಗದ ಬದಲಾವಣೆಯನ್ನು ಮಾತ್ರ ದೊಡ್ಡದಾಗಿ ತೋರಿಸುತ್ತದೆ.

ಸರ್ಕಾರದ ಪೋಷಣ್ ಟ್ರ್ಯಾಕರ್ ಬೇರೆ ಜಾತಿಯದು. 2021ರ ಮಾರ್ಚ್ 1ರಂದು ಬಂದ ಅದರಲ್ಲಿ ಅಂಗನವಾಡಿ ಕಾರ್ಯಕರ್ತೆ ಹಾಜರಾತಿ, ಬಿಸಿಯೂಟ, ಮಗುವಿನ ತೂಕ, ಎತ್ತರ ದಾಖಲಿಸುತ್ತಾರೆ. ಬಡಿಸಿದ್ದು ದಾಖಲಾಗುತ್ತದೆ, ಮಗು ಉಂಡದ್ದಲ್ಲ. ಆದರೂ ತೂಕ, ಎತ್ತರಗಳು ಕೋಷ್ಟಕದಿಂದ ಹುಟ್ಟಿದ ಸಂಖ್ಯೆಗಳಲ್ಲ, ನೇರ ಅಳತೆಗಳು. ತಕ್ಕಡಿ ಸರಿಯಿದ್ದರೆ ಅವಕ್ಕೆ ಹೆಚ್ಚಿನ ಬೆಲೆ ಕೊಡುವುದು ನ್ಯಾಯ.

ಪರಿಷ್ಕರಣೆ ಮಾಡುವವರಲ್ಲಿ ಕೇಳುವುದು ದೊಡ್ಡದೇನಲ್ಲ. ಉಂಡ ಪದಾರ್ಥ ಮತ್ತು ಗ್ರಾಂ ಲೆಕ್ಕವನ್ನು ಮೂಲ ದಾಖಲೆಯಾಗಿ ಉಳಿಸಿ, ಪೋಷಕಾಂಶವನ್ನು ಬೇಕಾದಾಗ ಬೇಕಾದ ಕೋಷ್ಟಕದಿಂದ ಲೆಕ್ಕ ಹಾಕಲಿ. ಪ್ರತಿ ವರದಿಯ ಮೇಲೆ ಕೋಷ್ಟಕದ ವರ್ಷ, ಮಾನದಂಡದ ವರ್ಷ ಅಚ್ಚಾಗಲಿ. ± ಸಂಖ್ಯೆ ಉಳಿಯಲಿ. 2015ರ ಸಮೀಕ್ಷೆಯ ಮೂಲ ನಮೂದು ಇದ್ದರೆ ಅದನ್ನು ಹೊಸ ಕೋಷ್ಟಕದಲ್ಲಿ ಮತ್ತೆ ಓಡಿಸಬಹುದು. ಬರೀ ಮೊತ್ತಗಳನ್ನು ಉಳಿಸಿಕೊಂಡಿದ್ದರೆ ಆ ದುಡಿಮೆಯನ್ನು ಹೊಸ ಸಮೀಕ್ಷೆಯೊಂದಿಗೆ ಹೋಲಿಸಲು ಬರುವುದಿಲ್ಲ.

ನಿಮ್ಮಲ್ಲಿರುವ ತಂತ್ರಾಂಶವನ್ನು ಪರೀಕ್ಷಿಸುವುದು ಸುಲಭ. ರಾಗಿ, 100 ಗ್ರಾಂ ಎಂದು ಕೊಡಿ. ಕ್ಯಾಲ್ಸಿಯಂ 344, ನಾರು 3.6 ಬಂದರೆ ಹಳೆಯ ಕೋಷ್ಟಕ, 364, 11.18 ಬಂದರೆ ಹೊಸದು. ಶಕ್ತಿ 1342 ಎಂದು ಬಂದರೆ ಗಾಬರಿಯಾಗಬೇಡಿ, ಅದು ಕಿಲೊಜೂಲ್, 4.184ರಿಂದ ಭಾಗಿಸಿದರೆ 321 ಕಿಲೊಕ್ಯಾಲರಿ. ಕ್ಯಾಲ್ಸಿಯಂ 364 ಮತ್ತು ನಾರು 3.6 ಜೊತೆಯಾಗಿ ಬಂದರೆ ಎರಡು ಕೋಷ್ಟಕಗಳನ್ನು ಬೆರೆಸಿದ್ದಾರೆಂದು ತಿಳಿಯಿರಿ. ಅಂಥ ತಂತ್ರಾಂಶದಿಂದ ಬಂದ ಯಾವ ಮೊತ್ತವನ್ನೂ ವರದಿಗೆ ಹಾಕಬೇಡಿ.