ತಾರೀಖು ಗೊತ್ತುಮಾಡಿದ ಪ್ರೀತಿ

ಇಬ್ಬರು ಹುಡುಗಿಯರ ಪ್ರೀತಿಯನ್ನು ಜಪಾನೀ ಸಿನಿಮಾ ನಮಗಿಂತ ಧೈರ್ಯವಾಗಿ ತೋರಿಸಿದೆ ಅನ್ನುವವರಿದ್ದಾರೆ. ಅದು ಅರ್ಧ ಸತ್ಯ. ಅಲ್ಲಿನ ಪರಂಪರೆ ಆ ಪ್ರೀತಿಗೆ ಜಾಗ ಕೊಟ್ಟಿತು, ಆದರೆ ಖಾಲಿ ಮಾಡುವ ತಾರೀಖು ಮೊದಲೇ ಗೊತ್ತುಮಾಡಿದ ಬಾಡಿಗೆ ಮನೆಯ ಹಾಗೆ.

ಇದರ ಬೇರು ಸಾಹಿತ್ಯದಲ್ಲಿದೆ. ಯೊಶಿಯಾ ನೊಬುಕೊ 1916ರಿಂದ ಬರೆದ 'ಹನಾ ಮೊನೊಗತಾರಿ' ಕಥೆಗಳಲ್ಲಿ ಹೆಣ್ಣುಮಕ್ಕಳ ಶಾಲೆ, ವಸತಿಗೃಹ, ಗುಟ್ಟಿನ ಪತ್ರಗಳ ನಡುವೆ ಗೆಳತಿಯರ ಒಲವು ಅರಳುತ್ತದೆ. ಓದು ಮುಗಿದು ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಲ್ಲಿ ಹಿರಿಯರು ಕಂಡೂ ಕಾಣದಂತಿದ್ದರು. ಆದರೆ ಆ ತಾರೀಖನ್ನು ಲೇಖಕಿಯೇ ಒಪ್ಪಲಿಲ್ಲ. ಮೊನ್ಮಾ ಚಿಯೊ ಜೊತೆ ಬದುಕಿನುದ್ದಕ್ಕೂ ಸಂಸಾರ ಮಾಡಿದಳು. ಮದುವೆಗೆ ಕಾನೂನಿಲ್ಲದ್ದರಿಂದ 1957ರಲ್ಲಿ ಸಂಗಾತಿಯನ್ನೇ ದತ್ತು ಮಗಳಾಗಿ ಪಡೆದಳು.

ಈ ಸಾಹಸ ತೆರೆಗೆ ಅಷ್ಟು ಸುಲಭವಾಗಿ ಬರಲಿಲ್ಲ. ಕಾದಂಬರಿಕಾರ ತಾನಿಜಾಕಿಯ ಕೃತಿ ಆಧರಿಸಿ ನಿರ್ದೇಶಕ ಮಸುಮುರಾ 1964ರಲ್ಲಿ ಮಾಡಿದ 'ಮಂಜಿ'ಯಲ್ಲಿ ಗೃಹಿಣಿ ಸೊನೊಕೊ ಚಿತ್ರಕಲಾ ತರಗತಿಯಲ್ಲಿ ಕನ್ನೊನ್ ದೇವತೆಯನ್ನು ಬಿಡಿಸುತ್ತಾಳೆ. ಮೂಡುವ ಮುಖ ಮಾತ್ರ ಸಹಪಾಠಿ ಮಿತ್ಸುಕೊಳದು. ಮೋಹ ಪೂಜೆಯಾಗುವ ಆ ಗಳಿಗೆ ಅದ್ಭುತ. ಆಮೇಲೆ ಗಂಡಸರು ನಡುವೆ ಬರುತ್ತಾರೆ, ಕಥೆ ವಿಷ ಕುಡಿಯುವಲ್ಲಿಗೆ ಮುಟ್ಟುತ್ತದೆ.

ಆಂಡೊ ಹಿರೋಶಿಯ 'ಬ್ಲೂ' ವಿಷ ಬಿಟ್ಟು ಮೌನ ಹಿಡಿಯಿತು. ಕಡಲೂರಿನ ಶಾಲೆಯ ಕಿರಿಶಿಮಾ, ಒಂದು ವರ್ಷ ಹಿಂದುಳಿದ ಎಂಡೊಳನ್ನು ಹಚ್ಚಿಕೊಳ್ಳುತ್ತಾಳೆ. ಕ್ಯಾಮೆರಾ ದೂರವೇ ನಿಂತು ಅವರನ್ನು ಕಾಯುತ್ತದೆ, ಅಪ್ಪುಗೆಗಿಂತ ಹಿಂಜರಿಕೆಯನ್ನೇ ಹೆಚ್ಚು ನೋಡುತ್ತದೆ. ಕಿರಿಶಿಮಾ ಪಾತ್ರಕ್ಕೆ ಇಚಿಕಾವಾ ಮಿಕಾಕೊಗೆ 2002ರ ಮಾಸ್ಕೋ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಆದರೆ ಇಲ್ಲೂ ಶಾಲೆ ಮುಗಿದರೆ ಜೊತೆ ಮುಗಿಯಿತು: ಒಬ್ಬಳು ಟೋಕಿಯೊಗೆ, ಇನ್ನೊಬ್ಬಳು ಊರಲ್ಲೇ. ಸೊಗಸಾಗಿ ಅಗಲುವುದು ಈ ಪರಂಪರೆಯ ಶಕ್ತಿ. ಅದೇ ಅದರ ಸುಲಭದ ದಾರಿಯೂ ಹೌದು. ಆಂಡೊ ಮೊಮೊಕೊ 2009ರ 'ಕಕೆರಾ'ದಲ್ಲಿ ಶಾಲೆಯಿಂದ ಹೊರಬಂದಳು. ಅಲ್ಲಿನ ರಿಕೊ ಕೃತಕ ಅಂಗ ತಯಾರಿಸುವ ದುಡಿಯುವ ಹೆಣ್ಣು. ಅವಳ ಪ್ರೀತಿಗೆ ಹಟವೂ ಇದೆ, ಸಿಟ್ಟೂ ಇದೆ.

ನಮ್ಮ ನೆರೆಯ ಮಲಯಾಳಂ ಸಿನಿಮಾ ಸಾವಿನಿಂದ ಬದುಕಿನತ್ತ ಬರುವ ದಾರಿಯನ್ನು ತಾನೇ ತುಳಿದಿದೆ. ಪದ್ಮರಾಜನ್ ಅವರ 'ದೇಶಾಡನಕ್ಕಿಳಿ ಕರಯಾರಿಲ್ಲ' (1986) ಶಾಲೆಯ ಪ್ರವಾಸದಿಂದ ಓಡಿಹೋದ ಹುಡುಗಿಯರನ್ನು ಸಾವಿಗೆ ಒಪ್ಪಿಸಿತು. ಲಿಜಿ ಪುಲ್ಲಪ್ಪಳ್ಳಿಯವರ 'ಸಂಚಾರಂ' (2004) ನಾಯಕಿ ಪ್ರಪಾತದ ಅಂಚಿನಿಂದ ಹಿಂದೆ ಸರಿದಳು. ಆ ಒಂದು ಹೆಜ್ಜೆಗೆ 18 ವರ್ಷ ಹಿಡಿಯಿತು. ಕನ್ನಡಕ್ಕೆ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' ಇದೆ, ಲಿಂಗದೇವರು ಅವರ ಸಿನಿಮಾ 'ನಾನು ಅವನಲ್ಲ... ಅವಳು' ಇದೆ. ಹೆಣ್ಣು ಹೆಣ್ಣಿನ ಪ್ರೀತಿಗೆ ಆ ಎತ್ತರದ ಸಿನಿಮಾ ಇನ್ನೂ ಬಂದಿಲ್ಲ.

ಕಥೆಗೇನೂ ಬರವಿಲ್ಲ. ಯಾದಗಿರಿ ಕಡೆಯ ವನದುರ್ಗದಂಥ ಊರಿನಿಂದ ಶಹಾಪುರ, ಸುರಪುರದ ಕಾಲೇಜಿಗೆ ಕೂಡಿ ಹೋಗುವ ಹುಡುಗಿಯರು ಒಂದೇ ಬುತ್ತಿ ಬಿಚ್ಚಿ ರೊಟ್ಟಿ ತಿಂದರೆ, ಜಾತ್ರೆಯಲ್ಲಿ ಕೈ ಹಿಡಿದು ತಿರುಗಿದರೆ, 'ಜೀವದ ಗೆಳತ್ಯಾರು ಬಿಡ್ರಿ' ಅನ್ನುತ್ತಾರೆ ಮಂದಿ. 'ನಾ ಮದ್ವಿ ಆಗಂಗಿಲ್ಲ' ಎಂದು ಅವರಲ್ಲೊಬ್ಬಳು ಬಾಯಿಬಿಟ್ಟ ದಿನ ಆ ಸಲಿಗೆ ಗುಮಾನಿಗೆ ತಿರುಗುತ್ತದೆ. ಯೊಶಿಯಾ ಕಾಲದ ಹಿರಿಯರ ಲೆಕ್ಕವೇ ಇಲ್ಲೂ ನಡೆಯುವುದು.

2018ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರೀತಿ ಅಪರಾಧವಲ್ಲ ಎಂದಿತು. 2023ರಲ್ಲಿ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಕನ್ನಡದ ನಿರ್ದೇಶಕರು ಈ ನಡುವಿನ ಜಾಗವನ್ನು ಹೊಕ್ಕು ನೋಡಬೇಕು. ಜಪಾನಿನಿಂದ ಕಲಿಯುವುದಾದರೆ ನೋಟದ ತಾಳ್ಮೆ ಕಲಿಯಲಿ. ಅಗಲಿಕೆಯ ಚೆಲುವನ್ನು ಅಲ್ಲೇ ಬಿಟ್ಟು ಬರಲಿ. ಡಿಗ್ರಿ ಮುಗಿದ ಮೇಲೆ ಇಬ್ಬರೂ ಕೂಡಿ ಬಾಳುವುದು ಹೇಗೆ, ದುಡಿಮೆ ಎಲ್ಲಿ, ಅವ್ವ-ಅಪ್ಪನಿಗೆ ಹೇಳುವುದೇನು ಎಂಬಲ್ಲಿಂದಲೇ ನಮ್ಮ ಸಿನಿಮಾ ಶುರುವಾಗಲಿ.